ಭೀಮಾತೀರದಲ್ಲಿ ಹಕ್ಕಿಯ ಪಾಲು

ಪ್ರವಾಸವೆಂದೊಡನೆ ನಮ್ಮ ಭಾಗದ ಮಕ್ಕಳ ಬಾಯಿಗೆ ಮೊದಲು ಬರುವುದು ಕಡಲು. ಕಾರವಾರದ ದಂಡೆ, ಗೋಕರ್ಣದ ಮರಳು, ಮುರ್ಡೇಶ್ವರದ ಅಲೆ ಎಂದು ಅವರು ಹೆಸರುಗಳನ್ನು ಒಂದೊಂದಾಗಿ ಪೋಣಿಸುತ್ತಾರೆ. ಆದರೆ ಆಳಂದದಲ್ಲಿ ಕುಳಿತವರಿಗೆ ಕಡಲು ಒಂದು ದಿನದಲ್ಲಿ ಹೋಗಿ ಬರುವ ದಾರಿಯಲ್ಲ. ರಜೆ ಕೂಡಬೇಕು, ಹಣ ಕೂಡಬೇಕು, ಮನೆಯ ಹಿರಿಯರ ಆರೋಗ್ಯ ಕೂಡಬೇಕು. ಈ ಮೂರೂ ಒಟ್ಟಿಗೆ ಕೂಡುವ ಯೋಗ ನಮಗೆ ವರ್ಷಗಳಿಂದ ಬಂದಿರಲಿಲ್ಲ. ಎಳ್ಳ ಅಮಾವಾಸ್ಯೆಯ ಚರಗ ಮುಗಿಸಿ ಹೊಲದಲ್ಲಿ ಕುಳಿತಿದ್ದಾಗ, ನಮ್ಮ ಬಳಗದ ನಿವೃತ್ತ ಮಾಸ್ತರರು ಒಂದು ಮಾತು ತೆಗೆದರು: “ಕಡಲ ದಂಡಿ ದೂರ ಅದ, ಖರೆ. ಹೊಳಿ ದಂಡಿ ಏನು ದೂರ ಅದ? ಅಮರ್ಜಾ ಹಿಡಿದು ಭೀಮಾ ತನಕ ಹೋಗೋಣು. ಈ ಚಳಿಯಾಗ ಅಲ್ಲಿ ಎಂಥೆಂಥ ಹಕ್ಕಿ ಬಂದಿರ್ತಾವ, ನೋಡೀರಿ.”

ಹೀಗೆ ಮುಂದಿನ ಭಾನುವಾರ ನಮ್ಮ ಒಂದು ದಿನದ ಪ್ರವಾಸ ಗೊತ್ತಾಯಿತು. ಹೊರಟವರು ಐದು ಜನ: ಕೊರಳಿಗೆ ಹಳೆಯ ದುರ್ಬೀನು ತೂಗುಹಾಕಿಕೊಂಡ ಮಾಸ್ತರರು, ಅವರ ಹತ್ತು ವರ್ಷದ ಮೊಮ್ಮಗಳು, ಇಪ್ಪತ್ತು ಎಕರೆ ಒಕ್ಕಲುತನದ ನಮ್ಮ ಗೆಳೆಯ ಗೌಡರು, ನಮ್ಮ ಮನೆಯವರು ಮತ್ತು ನಾವು. ವಾಹನ ಗೌಡರದು. ಅದರ ಹಿಂಬದಿಯಲ್ಲಿ ಕಡಕ್ ರೊಟ್ಟಿಯ ಗಂಟು, ಎಣಗಾಯಿ, ಶೇಂಗಾ ಚಟ್ನಿ, ಮೊಸರಿನ ಗಡಿಗೆ. ಅವುಗಳ ಪಕ್ಕದಲ್ಲಿ ಒಂದು ದೊಡ್ಡ ನೀಲಿ ಗಂಟು ಇತ್ತು. ಇದೇನೆಂದು ಕೇಳಿದಾಗ ಗೌಡರು ಚುಟುಕಾಗಿ ಹೇಳಿದರು: “ಬಲಿ ಅದರೀ. ನೈಲಾನ್ ಬಲಿ. ಜ್ವಾಳದ ಮ್ಯಾಲ ಹೊಚ್ಚಾಕ. ಹಕ್ಕಿ ಕಾಟ ಭಾಳ ಆಗ್ಯದ.” ಹಕ್ಕಿ ನೋಡಲು ಹೊರಟ ಬಂಡಿಯಲ್ಲಿಯೇ ಹಕ್ಕಿಯ ಬಲೆ! ಮಾಸ್ತರರು ನಮ್ಮ ಮುಖ ನೋಡಿದರು. ನಾವು ಏನೂ ಹೇಳಲಿಲ್ಲ.

ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಆಳಂದ ತಾಲೂಕಿನ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನ ಅಂಚಿಗೆ ನಾವು ತಲುಪಿದಾಗ ಮೂಡಲಲ್ಲಿ ಕೆಂಪು ಮಾತ್ರ ಇತ್ತು. ಮೊದಲು ಕೇಳಿಸಿದ್ದು ಸದ್ದು: ನೀರಿನ ಮೇಲೆ ನೂರಾರು ಕೊರಳುಗಳ ಗುಸುಗುಸು. ಬೆಳಕು ಹರಿದಂತೆ ಕಪ್ಪು ಚುಕ್ಕಿಗಳೆಲ್ಲ ಒಂದೊಂದಾಗಿ ಹಕ್ಕಿಗಳಾದವು. ಹಣೆಯ ಮೇಲೆ ಬಿಳಿಯ ಗುರುತಿರುವ ನಾಮದ ಕೋಳಿಗಳು, ನೀಳ ಬಾಲದ ಸೂಜಿಬಾಲದ ಬಾತುಗಳು, ಅಂಚಿನ ಕೆಸರಿನಲ್ಲಿ ಧ್ಯಾನಸ್ಥವಾಗಿ ನಿಂತ ಬೆಳ್ಳಕ್ಕಿಗಳು. ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ನೀರಿನ ಮೇಲೆ ಗಾಳಿಯಲ್ಲಿಯೇ ನಿಂತು ರೆಕ್ಕೆ ಬಡಿಯುತ್ತ, ಒಮ್ಮೆಲೆ ಕಲ್ಲಿನಂತೆ ಕೆಳಗೆ ಬಿದ್ದು ಮೀನು ಹಿಡಿದು ಎದ್ದಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾಮದ ಕೋಳಿಗಳೆಲ್ಲ ನೀರನ್ನು ತುಳಿಯುತ್ತ ಓಡಿ ದೂರ ಸರಿದವು.

ಸೂಜಿಬಾಲದ ಬಾತು ಉತ್ತರದ ಸೈಬೀರಿಯದ ಕಡೆ ಬೇಸಿಗೆಯಲ್ಲಿ ಮರಿ ಮಾಡಿ, ಅಲ್ಲಿ ಹಿಮ ಬೀಳುವ ಹೊತ್ತಿಗೆ ಪರ್ವತಗಳನ್ನು ದಾಟಿ ನಮ್ಮ ಕೆರೆಗಳಿಗೆ ಬರುತ್ತದೆ. ಬಿಸಿಲು ಏರಿದಂತೆ ಮತ್ತೆ ಹೊರಡುತ್ತದೆ ಎಂದು ಮಾಸ್ತರರು ವಿವರಿಸಿದರು. ಯಾವ ಚೀಟಿಯೂ ಇಲ್ಲದೆ, ಯಾರೂ ಕರೆಯದೆ, ಸಾವಿರಾರು ಮೈಲಿ ಹಾರಿ ಈ ಎರೆಭೂಮಿಯ ನಡುವಿನ ನೀರನ್ನು ಹುಡುಕಿಕೊಂಡು ಬರುವ ಅತಿಥಿಗಳಿವು. ನಮ್ಮ ಮನೆಯವರು ಮೆಲ್ಲಗೆ ನುಡಿದರು: “ಮನಿಗೆ ಬಂದ ಜಂಗಮರಿದ್ದಂಗ.” ಆ ಮಾತು ಆ ದಿನವಿಡೀ ನಮ್ಮ ಕಿವಿಯಲ್ಲಿ ಉಳಿಯಿತು.

ಅಲ್ಲಿಂದ ಅಫಜಲಪುರ ತಾಲೂಕಿನತ್ತ ಇಳಿದೆವು. ದಾರಿಯ ಎರಡೂ ಕಡೆ ತೊಗರಿಯ ಬಣವೆಗಳು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ನಮಗೆಲ್ಲ ಹೆಮ್ಮೆ. ಆದರೆ ನಮ್ಮ ಬಾಲ್ಯದಲ್ಲಿ ಇದೇ ದಾರಿಯಲ್ಲಿ ಕಣ್ಣು ಹಾಯುವವರೆಗೆ ಜೋಳದ ತೆನೆಗಳು ತೂಗುತ್ತಿದ್ದವು. ಈಗ ತೊಗರಿ, ಹತ್ತಿ, ನೀರಿದ್ದಲ್ಲಿ ಕಬ್ಬು. ನಡುನಡುವೆ ಮಾತ್ರ ಬಿಳಿಜೋಳದ ಹೊಲ. ತಂತಿಯ ಮೇಲೆ ಕುಳಿತಿದ್ದ ನೀಲಕಂಠವೊಂದು ರೆಕ್ಕೆ ಬಿಚ್ಚಿ ಹಾರಿದಾಗ ಮೊಮ್ಮಗಳಿಗೆ ಅದು ನಮ್ಮ ರಾಜ್ಯದ ಪಕ್ಷಿಯೆಂದು ತೋರಿಸಿದೆವು.

ಅಷ್ಟರಲ್ಲಿ ಆಕಾಶದಲ್ಲಿ ಹೊಗೆಯಂಥದೊಂದು ತಿರುಗಿತು. ಅದು ಹೊಗೆಯಲ್ಲ, ಗುಲಾಬಿ ಕಬ್ಬಕ್ಕಿಗಳ ಹಿಂಡು. ಮೈ ಗುಲಾಬಿ, ತಲೆ ರೆಕ್ಕೆ ಕಪ್ಪು. ಮಧ್ಯ ಏಷ್ಯಾದ ಬಯಲುಗಳಿಂದ ಬರುವ ಈ ಹಕ್ಕಿಗಳು ಹಾಲುಗಾಳಿನ ಜೋಳವೆಂದರೆ ಪ್ರಾಣ ಬಿಡುತ್ತವೆ. ಹಿಂಡು ಒಂದು ಜೋಳದ ಹೊಲದ ಮೇಲೆ ಇಳಿಯಿತು. ಒಂದು ನಿಮಿಷದಲ್ಲಿ ತೆನೆಗಳೆಲ್ಲ ಬಾಗಿದವು. ಮಂಚಿಗೆಯ ಮೇಲಿದ್ದ ಹುಡುಗನೊಬ್ಬ ಕವಣೆ ಬೀಸಿ ಕೂಗಿದ. ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗಿ ಕುಳಿತಿತು. ಗೌಡರು ವಾಹನ ನಿಲ್ಲಿಸಿ ನೋಡುತ್ತಿದ್ದರು. “ನಿಮಗ ಚೆಂದ ಕಾಣಸ್ತದ. ನನಗ ನನ್ನ ತೆನಿ ಕಾಣಸ್ತಾವ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ಆಗ ಮಾಸ್ತರರು ತಮ್ಮ ಪಾಠ ಆರಂಭಿಸಿದರು. ಈ ಹಕ್ಕಿ ಜೋಳವನ್ನು ತಿನ್ನುವುದಷ್ಟೇ ಅಲ್ಲ, ಮಿಡತೆಯನ್ನೂ ಹುಳುವನ್ನೂ ಹಿಡಿದು ತಿನ್ನುತ್ತದೆ. ತೊಗರಿಯ ಕಾಯಿಕೊರಕಕ್ಕೆ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳೇ ಪುಕ್ಕಟೆ ಔಷಧಿ. ತೊಗರಿಯ ಬೀಜಕ್ಕೆ ಸ್ವಲ್ಪ ಜೋಳ ಬೆರೆಸಿ ಬಿತ್ತಿದರೆ ಆ ಜೋಳದ ದಂಟೇ ಹಕ್ಕಿಗಳಿಗೆ ಕೂರುವ ಕಂಬವಾಗುತ್ತದೆ, ಹೊಲದ ನಡುವೆ ಅಡ್ಡಕೋಲು ಕಟ್ಟಿದ ಗೂಟಗಳನ್ನು ನೆಟ್ಟರೂ ಆದೀತು ಎಂದು ಕೃಷಿ ತಜ್ಞರು ಹೇಳುವುದನ್ನು ನೆನಪಿಸಿದರು. 1930ರ ದಶಕದ ಆರಂಭದಲ್ಲಿ ಸಲೀಂ ಅಲಿಯವರು ನಿಜಾಮರ ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡಿದಾಗ ನಮ್ಮ ಜಿಲ್ಲೆಯೂ ಆ ಸಂಸ್ಥಾನದಲ್ಲಿಯೇ ಇತ್ತು ಎಂದರು. ಎರೆಭೂತ, ದೊರವಾಯನ ಹಕ್ಕಿ ಎಂಬ ಹೆಸರುಗಳಿರುವ ದೊಡ್ಡ ನೆಲಹಕ್ಕಿಯೊಂದು ದಖನ್ನಿನ ಇಂಥ ಹುಲ್ಲುಬಯಲುಗಳಲ್ಲಿಯೇ ಬಾಳಿದ್ದು. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಪಾಪದ ಜೀವಿ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದ್ದಾರೆ. ಆದರೂ ಇಂದು ಇಡೀ ದೇಶದ ಕಾಡುಬಯಲಿನಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿ. “ಹೋದ ಮ್ಯಾಲ ಅತ್ತರ ಬರೋದಿಲ್ಲ ಗೌಡ್ರ,” ಎಂದು ಮಾತು ಮುಗಿಸಿದರು. ನಾವೂ ತಲೆದೂಗಿದೆವು. ಗೌಡರು ಗಾಡಿ ಚಾಲೂ ಮಾಡಿದರು.

ದೇವಲ ಗಾಣಗಾಪುರದ ಸಂಗಮ ತಲುಪಿದಾಗ ಬಿಸಿಲು ಹಿತವಾಗಿತ್ತು. ದತ್ತಾತ್ರೇಯ ಕ್ಷೇತ್ರವೆಂದು ನಾಡಿನ ನಾನಾ ಕಡೆಯ ಭಕ್ತರು ಬರುವ ಈ ಊರಿನ ಬಳಿ, ಬೆಳಿಗ್ಗೆ ನಾವು ಕಂಡ ಅಮರ್ಜೆ ಭೀಮೆಯನ್ನು ಸೇರುತ್ತಾಳೆ. ಭೀಮೆಯ ಪಯಣ ದೊಡ್ಡದು. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆಂದು ಕರೆಸಿಕೊಂಡು, ಅಫಜಲಪುರ, ಜೇವರ್ಗಿಗಳ ಎರೆನೆಲವನ್ನು ಬಳಸಿ, ಸುಮಾರು 860 ಕಿಲೋಮೀಟರು ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯೊಡನೆ ಒಂದಾಗುತ್ತಾಳೆ.

ಜನರ ಗದ್ದಲದಿಂದ ದೂರ, ನದಿಯ ಬಾಗಿನಲ್ಲಿ ಮರಳಿನ ದಿಬ್ಬವೊಂದು ಕಂಡಿತು. ಅದರ ಅಂಚಿನಲ್ಲಿ ಕೇಸರಿ ಬಣ್ಣದ ಎರಡು ದೊಡ್ಡ ಬಾತುಗಳು ಜೊತೆಯಾಗಿ ನಿಂತಿದ್ದವು. “ಚಕ್ರವಾಕ!” ಎಂದು ಮಾಸ್ತರರು ಪಿಸುಗುಟ್ಟಿದರು. ಹಳಗನ್ನಡ ಕಾವ್ಯಗಳಲ್ಲಿ ಇರುಳಾದರೆ ಅಗಲಿ ಗೋಳಾಡುವ ಜೋಡಿಹಕ್ಕಿಯೆಂದು ಓದಿದ್ದೆವೇ ಹೊರತು, ಅದು ನಮ್ಮ ಹೊಳೆಯಲ್ಲಿಯೇ ಚಳಿಗಾಲ ಕಳೆಯುವ ಹಕ್ಕಿಯೆಂದು ಅರವತ್ತು ದಾಟಿದ ನಮಗೆ ಅಂದೇ ತಿಳಿದದ್ದು. ದುರ್ಬೀನು ಕೈಯಿಂದ ಕೈಗೆ ಹೋಯಿತು. ಗೌಡರೂ ನೋಡಿದರು, ಬಹಳ ಹೊತ್ತು ನೋಡಿದರು.

ಅಲ್ಲಿ ಹರಗೋಲಿನ ಬಳಿ ಬಲೆ ಬಿಡಿಸುತ್ತಿದ್ದ ಅಂಬಿಗ ಹಿರಿಯರೊಬ್ಬರು ನಮ್ಮೊಡನೆ ಮಾತಿಗೆ ಕೂಡಿದರು. ನೀರಿನ ಮೇಲೆ ತೂಗುತ್ತ ಹಾರುತ್ತಿದ್ದ ಹಳದಿ ಕೊಕ್ಕಿನ ನದಿ ರೀವಗಳನ್ನು ತೋರಿಸಿ, ಅವು ಬೇಸಿಗೆಯಲ್ಲಿ ಬರಿಯ ಮರಳಿನ ಮೇಲೆಯೇ ಮೊಟ್ಟೆ ಇಡುತ್ತವೆ, ಮರಳಿನ ಬಣ್ಣವೂ ಮೊಟ್ಟೆಯ ಬಣ್ಣವೂ ಒಂದೇ ಎಂದರು. “ಉಸುಕು ಹೋದಲ್ಲಿ ಹಕ್ಕಿ ತತ್ತಿ ಎಲ್ಲಿ ಇಡಬೇಕ್ರೀ? ರಾತ್ರಿ ಟ್ರ್ಯಾಕ್ಟರ್ ಇಳದ್ರ ತತ್ತಿನೂ ಹೋತು, ಉಸುಕೂ ಹೋತು.” ಭೀಮೆಯ ಎರಡು ಮುಖಗಳನ್ನೂ ಕಂಡವರು ಅವರು. 2020ರ ಅಕ್ಟೋಬರಿನಲ್ಲಿ ನದಿ ಉಕ್ಕಿ ತೀರದ ಹಳ್ಳಿಗಳಿಗೆ ನುಗ್ಗಿದ್ದನ್ನು ನೆನೆದರು. 2023ರಲ್ಲಿ ಮಳೆ ಕೈಕೊಟ್ಟು, ಮರುವರ್ಷದ ಬೇಸಿಗೆಯಲ್ಲಿ ಇದೇ ನದಿ ಬತ್ತಿ, ಕುಡಿಯುವ ನೀರಿಗಾಗಿ ಅಫಜಲಪುರದಲ್ಲಿ ಜನ ಹೋರಾಟಕ್ಕೆ ಕುಳಿತದ್ದನ್ನೂ ನೆನೆದರು. ಆ ಬೇಸಿಗೆಯಲ್ಲಿ ಉಳಿದ ಗುಂಡಿನೀರಿಗೆ ಮನುಷ್ಯರು, ದನಗಳು, ಹಕ್ಕಿಗಳು ಎಲ್ಲರೂ ಒಂದೇ ಕಡೆ ಬರುತ್ತಿದ್ದರಂತೆ.

ಈ ನಡುವೆ ನಮ್ಮ ಕೈಯಿಂದಲೇ ಒಂದು ತಪ್ಪಾಯಿತು. ಮಗುವಿಗೆ ತಂದ ತಿನಿಸಿನ ಪ್ಲಾಸ್ಟಿಕ್ ಚೀಲ ಗಾಳಿಗೆ ಹಾರಿ ನೀರಿಗೆ ಬಿದ್ದಿತು. ಹೋಗಲಿ ಬಿಡು ಎಂದು ನಾವು ಸುಮ್ಮನಿದ್ದೆವು. ಅಂಬಿಗ ಹಿರಿಯರು ಎದ್ದು, ಮೊಣಕಾಲು ನೀರಿಗೆ ಇಳಿದು, ಅದನ್ನು ಎತ್ತಿ ತಂದು ನಮ್ಮ ಕೈಗಿಟ್ಟರು. ಒಂದು ಮಾತೂ ಆಡಲಿಲ್ಲ. ಜೀವದಯೆಯ ಬಗ್ಗೆ ದಾರಿಯುದ್ದಕ್ಕೂ ತಲೆದೂಗಿದ್ದ ನಾವು ತಲೆ ತಗ್ಗಿಸಿದೆವು.

ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಗೆ ಕೈಮುಗಿದು, ಸೇತುವೆಯ ಮೇಲೆ ಭೀಮೆಯನ್ನು ದಾಟಿ, ಜೇವರ್ಗಿ ಭಾಗದ ಬಯಲಿಗೆ ಬಂದೆವು. ಬೇವಿನ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಊಟ ಮುಗಿಯುವ ಹೊತ್ತಿಗೆ, ಕಟಾವಾದ ಹೊಲದಾಚೆ ಧೂಳೆದ್ದಿತು. ಕೃಷ್ಣಮೃಗಗಳು! ಹದಿನೈದೋ ಇಪ್ಪತ್ತೋ ಇದ್ದವು. ಮುಂದೆ ಕಂದು ಬಣ್ಣದ ಹೆಣ್ಣುಗಳು. ಹಿಂದೆ ಕಪ್ಪು ಬೆನ್ನು, ಬಿಳಿ ಹೊಟ್ಟೆ, ಸುರುಳಿಗೊಂಬಿನ ಗಂಡೊಂದು. ಕಾಲುವೆಯೊಂದನ್ನು ಅವು ಒಂದರ ಹಿಂದೊಂದು ನೆಗೆದು ದಾಟಿದ ಅಂದವನ್ನು ಹೇಳಲು ನಮ್ಮಲ್ಲಿ ಮಾತಿಲ್ಲ. ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಗೌಡರು ಮಾತ್ರ ಕುಳಿತಲ್ಲಿಯೇ ಕುಳಿತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: “ಹಕ್ಕಿ ಎಷ್ಟು ತಿಂದಾವ್ರೀ ಮಾಸ್ತರ್ರ? ಇವು ಬಂದ್ರ ಒಂದ ರಾತ್ರಿಗೆ ಎಕರೆ ಬಯಲಾಗ್ತದ. ಕಾಯ್ದೆ ನನ್ನ ಕೈ ಕಟ್ಯದ, ಕಟ್ಟಲಿ, ಬ್ಯಾಡನ್ನಂಗಿಲ್ಲ. ಆದ್ರ ಬ್ಯಾಂಕಿನ ಸಾಲಕ್ಕ ಜಿಂಕಿ ಜಾಮೀನು ಕೊಡಂಗಿಲ್ಲ. ದಯಾ ಧರ್ಮ ನಿಮ್ಮದು, ಲುಕ್ಸಾನು ನಂದು. ಇದು ಯಾವ ನ್ಯಾಯ?”

ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅತಿ ಹೆಚ್ಚಿನ ರಕ್ಷಣೆ ನೀಡಿದೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ದಾರಿಯೂ ಇದೆ. ಮಾಸ್ತರರು ಅದನ್ನೇ ಹೇಳಿದರು. ಅರ್ಜಿಯ ಓಡಾಟವನ್ನು ಬಲ್ಲ ಗೌಡರು ನಕ್ಕರು. ಅವರ ಪ್ರಶ್ನೆಗೆ ಉತ್ತರವಿಲ್ಲದೆ ನಾವು ವಾಹನ ಹತ್ತಿದೆವು.

ನಮ್ಮ ಪ್ರವಾಸದ ಕೊನೆಯ ನಿಲುಗಡೆ ಅರಳಗುಂಡಗಿ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು ಕ್ರಿ.ಶ. 1746ರಲ್ಲಿ ಹುಟ್ಟಿದ ಊರು ಇದು. 1822ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಹಸಿದು ಬಂದವರಿಗೆ ಅನ್ನವಿಕ್ಕಿದ ಕಥೆ ನಮ್ಮ ಪ್ರತಿ ಮನೆಯಲ್ಲೂ ಇದೆ. ಅವರು ಈ ಊರಿನಲ್ಲಿದ್ದ ದಿನಗಳ ಕಥೆಯನ್ನು ನಮ್ಮ ತಾಯಂದಿರು ತೊಟ್ಟಿಲು ತೂಗುತ್ತ ಹೇಳಿದ್ದಾರೆ. ಹೊಲ ಕಾಯಲು ಕಳುಹಿಸಿದರೆ ಶರಣರು ಕವಣೆ ಬೀಸಲಿಲ್ಲ. ಹಕ್ಕಿಗಳಿಗೆ ತೆನೆ ತಿನ್ನಲು ಬಿಟ್ಟು, ತಿಂದ ಬಾಯಿಗೆ ನೀರು ಬೇಕೆಂದು ಕುಡಿಯುವ ನೀರನ್ನೂ ಇಟ್ಟರು. ಸುಗ್ಗಿಯಲ್ಲಿ ನೋಡಿದರೆ ರಾಶಿ ಕಡಿಮೆಯಾಗಿರಲಿಲ್ಲ, ಹೆಚ್ಚಿತ್ತು ಎನ್ನುತ್ತದೆ ಜನರ ನಂಬಿಕೆ.

ಸನ್ನಿಧಿಯಲ್ಲಿ ಕೈಮುಗಿದು ಹೊರಗೆ ಕುಳಿತಾಗ, ಮಾಸ್ತರರು ಆ ಕಥೆಯನ್ನೇ ಎತ್ತಿ ಗೌಡರ ಕಡೆ ನೋಡಿದರು. “ಶರಣರು ಕೊಟ್ರು, ಕಡಿಮಿ ಆತೇನು?” ಎಂಬ ಧಾಟಿ ಅವರದು. ಪಕ್ಕದಲ್ಲಿ ಕುಳಿತಿದ್ದ ಆ ಊರಿನ ಅಜ್ಜನೊಬ್ಬರು ನಮ್ಮ ಮಾತುಗಳನ್ನೆಲ್ಲ ಕೇಳಿಸಿಕೊಂಡಿದ್ದರು. ಶರಣು ಶರಣಾರ್ಥಿ ಹೇಳಿ, ಊರು ಕೇರಿ ವಿಚಾರಿಸಿ, ಆಮೇಲೆ ಮಾಸ್ತರರಿಗೆ ಹೇಳಿದರು: “ಯಪ್ಪಾ, ಶರಣಪ್ಪ ಹಕ್ಕಿಗೆ ಬಿಟ್ಟದ್ದು ತನ್ನ ಮನಿ ಹೊಲ. ಮಂದಿ ಹೊಲಕ್ಕ ಹೋಗ್ರಿ ಅಂತ ಹಕ್ಕಿಗೆ ಹೇಳ್ಲಿಲ್ಲ. ನಿಮ್ಮದೂ ಹೊಲ ಅದ ಏನು?”

ಆ ಪ್ರಶ್ನೆ ಮಾಸ್ತರರಿಗೆ ಕೇಳಿದ್ದು, ಆದರೆ ತಾಗಿದ್ದು ನಮಗೆ. ಏಕೆಂದರೆ ನಮಗೆ ಹೊಲವಿದೆ. ಆಳಂದದ ಸಮೀಪ ಆರು ಎಕರೆ. ವರ್ಷಗಳಿಂದ ಅದನ್ನು ಪಾಲಿಗೆ ಹಾಕಿದ್ದೇವೆ. ಬಿತ್ತುವವರು ಬೇರೆ, ಸುಗ್ಗಿಯಲ್ಲಿ ಅರ್ಧ ಪಾಲು ಎಣಿಸಿಕೊಳ್ಳುವವರು ನಾವು. ಮೂರು ವರ್ಷಗಳ ಹಿಂದೆ ಪಾಲುಗಾರರು ಒಂದೆರಡು ಎಕರೆ ಜೋಳ ಹಾಕಿದ್ದರು. ಹಕ್ಕಿ ತಿಂದವೆಂದು ರಾಶಿ ಕಡಿಮೆ ಬಂದಾಗ, ಕಾಯಲಿಲ್ಲವೇಕೆ ಎಂದು ಕೇಳಿದವರು ನಾವೇ. ಮರುವರ್ಷದಿಂದ ಅವರು ಜೋಳ ಬಿಟ್ಟರು. ಅಂದು ಹಕ್ಕಿಯ ಪಾಲನ್ನು ಕಿತ್ತವರು ಪಾಲುಗಾರರಲ್ಲ, ಬಲೆ ಕೊಂಡ ಗೌಡರೂ ಅಲ್ಲ. ಪಟ್ಟಣದ ಮನೆಯಲ್ಲಿ ಕುಳಿತು ಮಾಳಿಗೆಯ ಮೇಲೆ ಗುಬ್ಬಿಗೆ ಕಾಳು ಚೆಲ್ಲಿ ಪುಣ್ಯ ಎಣಿಸುತ್ತಿದ್ದ ನಾವು.

ಕಾಗೆ ಕೋಳಿಗಳನ್ನು ನೋಡಿ ಹಂಚಿ ಉಣ್ಣುವುದನ್ನು ಕಲಿಯಿರಿ ಎಂದು ಬಸವಣ್ಣನವರು ನಮಗೆ ತಿಳಿಹೇಳಿ ಒಂಬತ್ತು ಶತಮಾನಗಳಾಗುತ್ತ ಬಂದವು. ದಾಸೋಹವೆಂದರೆ ನಮ್ಮ ದುಡಿಮೆಯಿಂದ ಕೊಡುವುದು. ಇನ್ನೊಬ್ಬರ ದುಡಿಮೆಯನ್ನು ತೋರಿಸಿ ಕೊಡಿಸುವುದಲ್ಲ. ಬಾತು ಬರಲಿ, ಚಕ್ರವಾಕ ಬರಲಿ, ಕೃಷ್ಣಮೃಗ ನೆಗೆಯಲಿ ಎಂದು ನಾವೆಲ್ಲರೂ ಬಯಸುತ್ತೇವೆ. ಆದರೆ ಅವುಗಳ ಅನ್ನದ ಭಾರ ಹೊಲದಂಚಿನ ಒಕ್ಕಲಿಗನೊಬ್ಬನ ತಲೆಯ ಮೇಲೆಯೇ ಇದ್ದರೆ, ಅವನು ಬಲೆ ಹೊಚ್ಚುವುದನ್ನು ತಪ್ಪೆನ್ನುವ ಹಕ್ಕು ನಮಗೆಲ್ಲಿಯದು?

ಹೊರಡುವಾಗ ಹೊತ್ತು ಇಳಿದಿತ್ತು. ಜೇವರ್ಗಿಯಿಂದ ಕಲಬುರಗಿಯ ದಾರಿ ಹಿಡಿದು, ಕಟ್ಟಿಸಂಗಾವಿಯ ಬಳಿ ಮತ್ತೆ ಭೀಮೆಯನ್ನು ದಾಟಿದೆವು. ಸೇತುವೆಯ ಕೆಳಗೆ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೆಳ್ಳಕ್ಕಿಗಳು ಸಾಲುಗಟ್ಟಿ ಗೂಡಿಗೆ ಮರಳುತ್ತಿದ್ದವು. ಮೊಮ್ಮಗಳು ನಿದ್ದೆ ಹೋಗಿದ್ದಳು. ಮಾಸ್ತರರು ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟು, ಗೌಡರ ಪರಿಹಾರದ ಅರ್ಜಿ ಬರೆದು, ಕಚೇರಿಗೆ ತಾವೇ ಓಡಾಡುವುದಾಗಿ ಹೇಳಿದರು. ಗೌಡರು, “ಬರೀರಿ, ನೋಡೋಣು,” ಎಂದರು. ಹಿಂಬದಿಯ ನೀಲಿ ಗಂಟಿನ ಬಗ್ಗೆ ಯಾರೂ ಕೇಳಲಿಲ್ಲ. ಮರುವಾರ ತಿಳಿದದ್ದು ಇಷ್ಟು: ಗೌಡರು ಬಲೆಯನ್ನು ಮನೆಯ ಹಿಂದಿನ ಬದನೆ ಮೆಣಸಿನ ಮಡಿಗಳಿಗೆ ಬೇಲಿಯಾಗಿ ಕಟ್ಟಿದ್ದಾರೆ. ಜೋಳಕ್ಕೆ ಈ ಸಲ ಹುಡುಗನನ್ನೇ ಕಾವಲಿಗೆ ಇಟ್ಟಿದ್ದಾರೆ. ಮುಂದಿನ ಮುಂಗಾರಿಗೆ ತೊಗರಿಯ ಬೀಜದಲ್ಲಿ ಹಿಡಿಯಷ್ಟು ಜೋಳ ಬೆರೆಸಿ ನೋಡುತ್ತಾರಂತೆ. ಅದರ ಫಲ ಏನೆಂದು ಸುಗ್ಗಿಯೇ ಹೇಳಬೇಕು.

ನಾವು ಮಾಡಿದ್ದು ಒಂದೇ ಕೆಲಸ. ಪಾಲುಗಾರರನ್ನು ಮನೆಗೆ ಕರೆದು, ಊಟಕ್ಕೆ ಕೂಡಿಸಿ ಹೇಳಿದೆವು: ಬರುವ ಹಿಂಗಾರಿಗೆ ಒಂದು ಎಕರೆ ಬಿಳಿಜೋಳ ಬಿತ್ತಿರಿ; ಹಕ್ಕಿ ಎಷ್ಟು ತಿಂದರೂ ನಿಮ್ಮ ಪಾಲಿನಲ್ಲಿ ಒಂದು ಸೇರೂ ಕಡಿಮೆಯಾಗದು, ಅದು ನಮ್ಮ ಪಾಲಿನಲ್ಲಿ ಕಳೆಯಲಿ. ಅವರು ಮೊದಲು ನಂಬಲಿಲ್ಲ. ಆಮೇಲೆ ನಕ್ಕು, “ಹಂಗಾದ್ರ ನೀರಿನ ಗಡಿಗಿ ನಾ ಇಡ್ತೀನ್ರೀ,” ಎಂದರು.

ಓದುಗ ಬಾಂಧವರೂ ಮಕ್ಕಳೊಡನೆ ಈ ದಾರಿಯಲ್ಲಿ ಒಮ್ಮೆ ಹೋಗಿ ಬರಬೇಕು. ಮಾರ್ಗಶಿರದಿಂದ ಮಾಘದವರೆಗೆ ಒಳ್ಳೆಯ ಕಾಲ. ನಸುಕಿನಲ್ಲಿ ಹೊರಡಿರಿ, ಬಣ್ಣಬಣ್ಣದ ಬಟ್ಟೆ ಬೇಡ, ಗದ್ದಲ ಬೇಡ. ಬುತ್ತಿಯನ್ನು ಬಟ್ಟೆಯಲ್ಲಿ ಕಟ್ಟಿರಿ, ತಂದ ಚೀಲವನ್ನು ತಿರುಗಿ ಮನೆಗೆ ಒಯ್ಯಿರಿ. ನೀರಿನ ಅಂಚಿಗೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿರಿ. ದಾರಿಯಲ್ಲಿ ಹೊಲ ಕಾಯುವವರು ಕಂಡರೆ ನಿಂತು ಎರಡು ಮಾತನಾಡಿ, ಅವರ ಬೆಳೆ ಹೇಗಿದೆಯೆಂದು ಕೇಳಿರಿ. ಹಕ್ಕಿಗಳನ್ನು ಸಾಕುತ್ತಿರುವವರು ಅವರೇ.